ಬೆಂಕಿರೋಗಕ್ಕೆ ಇಟ್ಟ ಚಾಪೆ

ರೋಗ ತಂದವರು ನಾವಂತೆ.

ಬೆಂಕಿರೋಗ ಈ ದೇಶಕ್ಕೆ ಬಂದು ನೂರು ವರ್ಷವಾಯಿತು. ನಾವು ಬರತೊಡಗಿ ಆರು ವರ್ಷ. ಆದರೂ ತಂದವರು ನಾವೇ. ನಾವೆಂದರೆ ಹದಿನಾಲ್ಕು ಜನ, ವನುವಾಟುವಿನ ಪೆಂಟಿಕಾಸ್ಟ್ ದ್ವೀಪದ ಲೋಲ್‌ಮರಾ ಊರಿನವರು. ವರ್ಷದಲ್ಲಿ ಏಳು ತಿಂಗಳು ನ್ಯೂಜಿಲೆಂಡಿನ ಹಾಕ್ಸ್ ಬೇ ಪ್ರಾಂತ್ಯಕ್ಕೆ ಬಂದು ಪರರ ಸೇಬು, ಪರರ ಮರಸೇಬು ಸಾಕಿಕೊಟ್ಟು ಹೋಗುತ್ತೇವೆ. ಸಾಕುವಾಗ ನಾವು ಯಾರ ಕಣ್ಣಿಗೂ ಬೀಳುವುದಿಲ್ಲ. ಮರ ಸತ್ತಾಗ ಮಾತ್ರ ಎಲ್ಲರಿಗೂ ಕಾಣುತ್ತೇವೆ.

ನಾನು ಎವ್ಲಿನ್. ನಮ್ಮ ತಂಡದ ಹಿರಿಯ ಅಮೋಸ್, ನನ್ನ ತಾಯಿಯ ತಮ್ಮ. ನಮ್ಮ ಕಡೆ ಅಪ್ಪನ ಮಾತಿಗಿಂತ ಸೋದರಮಾವನ ಮಾತಿಗೆ ತೂಕ ಹೆಚ್ಚು. ತೋಟದ ಮೇಲ್ವಿಚಾರಕ ವಾರ್ವಿಕ್. ಅವನನ್ನು ನಾವು ಬಾಸ್ ಎನ್ನುತ್ತೇವೆ. ಅವನು ನಮ್ಮನ್ನು ಹುಡುಗರು ಎನ್ನುತ್ತಾನೆ. ಅಮೋಸ್ ಮಾವನಿಗೆ ಐವತ್ತೆಂಟು. ನಾನು ಎರಡು ಮಕ್ಕಳ ತಾಯಿ.

ರೋಗದ ವಿಷಯ ಮೊದಲು ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನಗೆ ಪಾಠ ಹೇಳಬೇಡಿ. ಅದು ಹೂವಿನ ಬಾಯಿಂದ ಒಳಗೆ ಹೋಗುತ್ತದೆ. ಹೂ ಕಪ್ಪಾಗುತ್ತದೆ. ಚಿಗುರು ಮುದುಕಿಯ ಬೆರಳಿನ ಹಾಗೆ ಬಾಗುತ್ತದೆ. ಎಲೆ ಸುಟ್ಟಂತಾಗುತ್ತದೆ, ಆದರೆ ಉದುರುವುದಿಲ್ಲ. ತೊಗಟೆಯಿಂದ ಜೇನಿನ ಬಣ್ಣದ ಅಂಟು ಇಳಿಯುತ್ತದೆ. ವಿಷ ಇರುವುದು ಆ ಅಂಟಿನಲ್ಲಿ. ಸುಟ್ಟ ಗುರುತಿನಿಂದ ಒಂದು ಮೊಳ ಕೆಳಗೆ, ಆರೋಗ್ಯದ ಕೊಂಬೆಯಲ್ಲಿ ಕತ್ತರಿಸಬೇಕು. ಪ್ರತಿ ಸಲ ಕತ್ತರಿಸಿದ ಮೇಲೂ ಕತ್ತರಿಯನ್ನು ಬ್ಲೀಚಿಂಗ್ ನೀರಿನಲ್ಲಿ ಅದ್ದಬೇಕು. ಮರ ಒದ್ದೆ ಇದ್ದಾಗ ಮುಟ್ಟಲೇಬಾರದು. ಪ್ರತಿ ವರ್ಷ ಮೊದಲ ದಿನ ವಾರ್ವಿಕ್ ಇದನ್ನೇ ಚಿತ್ರ ತೋರಿಸಿ ಹೇಳುತ್ತಾನೆ. ನಮಗೆ ಬಾಯಿಪಾಠವಾಗಿದೆ.

ಈ ಸಲ ಹೂ ಬಿಡುವ ಹೊತ್ತಿಗೆ ಬೆಚ್ಚನೆ ಮಳೆ ಹಿಡಿಯಿತು. ನವೆಂಬರಿನಲ್ಲಿ ನಾವು ಬಂದಾಗ ತೋಟದ ಏಳನೇ ಪಟ್ಟಿಯ ಮರಸೇಬು ಅಲ್ಲಲ್ಲಿ ಸುಟ್ಟಿತ್ತು. ಒತ್ತಾಗಿ ಬಿಟ್ಟ ಸೇಬಿನ ಎಳೆಗಾಯಿ ಕಿತ್ತು ತೆಳುವಾಗಿಸುವ ಕೆಲಸ ಹಿಂದೆ ಬಿದ್ದಿತ್ತು. ವಾರ್ವಿಕ್‌ಗೆ ಎರಡೂ ಒಂದೇ ವಾರದಲ್ಲಿ ಮುಗಿಯಬೇಕಿತ್ತು.

ಮೂರನೇ ದಿನ ಅವನು ಸಾಲಿನ ನಡುವೆ ಬಂದು ನಿಂತ. ನಾನು ಏಣಿ ಇಳಿದು ಕತ್ತರಿ ಅದ್ದುತ್ತಿದ್ದೆ.

"ಇದೇನು? ಕತ್ತರಿಗೆ ಸ್ನಾನ ಮಾಡಿಸೋಕೆ ಬಂದಿದ್ದೀರೋ, ಕೆಲಸ ಮಾಡೋಕೆ ಬಂದಿದ್ದೀರೋ?"

"ಪ್ರತಿ ಸಲ ಅದ್ದಬೇಕು ಅಂತ ನೀವೇ ಹೇಳಿದ್ರಿ ಬಾಸ್."

"ಹೇಳಿದ್ದೆ. ಈಗ ಬೇರೆ ಹೇಳ್ತಿದೀನಿ. ಸಾಲಿನ ತುದೀಲಿ ಒಂದ್ಸಲ ಅದ್ದಿದ್ರೆ ಸಾಕು. ಹತ್ತು, ಹತ್ತು ಮೇಲೆ."

ಊಟದ ಹೊತ್ತಿಗೆ ನಾವು ಏಣಿ ಇಳಿದಾಗ ಬ್ಲೀಚಿಂಗ್ ನೀರಿನ ಬಕೆಟ್ಟುಗಳೇ ಇರಲಿಲ್ಲ. ನಾಲ್ಕೂ ಅವನ ಗಾಡಿಯ ಹಿಂದೆ ಕೂತಿದ್ದವು. ಗಾಡಿ ಹೊರಟುಹೋಯಿತು.

ಮರುದಿನ ಜಿನುಗು ಮಳೆ. ನಾನು ಮತ್ತೆ ಬಾಯಿ ತೆಗೆದೆ.

"ಬಾಸ್, ಎಲೆ ಒದ್ದೆ ಇದೆ."

"ನೀನೇನು ಸಕ್ಕರೇನಾ, ಕರಗೋಕೆ?"

"ನಾನು ಕರಗಲ್ಲ ಬಾಸ್. ರೋಗ ಹರಡುತ್ತೆ."

"ಇಲ್ಲಿ ಬಾಸ್ ಯಾರು? ನೀನಾ, ನಾನಾ?"

ಕತ್ತರಿಸಿದೆವು. ಎರಡು ದಿನ, ದಿನಕ್ಕೆ ಒಂಬತ್ತು ಗಂಟೆ. ಕೈ ತಲೆಯ ಮೇಲೆ. ಮಳೆನೀರು ತೋಳಿನೊಳಗಿಂದ ಇಳಿದು ಕಂಕುಳಿಗೆ, ಕಂಕುಳಿಂದ ಸೊಂಟಕ್ಕೆ. ಕತ್ತು ತಿರುಗಿಸಲು ಆಗುತ್ತಿರಲಿಲ್ಲ. ಏಣಿಯ ಮೆಟ್ಟಿಲು ಜಾರುತ್ತಿತ್ತು. ಕತ್ತರಿಯ ಬಾಯಿ ಅಂಟಿನಿಂದ ಹೊಳೆಯುತ್ತಿತ್ತು. ಅದೇ ಬಾಯಿಯನ್ನು ಮುಂದಿನ ಮರಕ್ಕೆ ಇಟ್ಟೆ. ಒಂದು ಸಾಲಿಗೆ ನಲವತ್ತು ಮರ. ಮೊದಲ ಮರದ ರೋಗವನ್ನು ನನ್ನ ಕೈಯಾರೆ ನಲವತ್ತಕ್ಕೂ ಬಡಿಸಿದೆ. ಗೊತ್ತಿದ್ದೂ ಬಡಿಸಿದೆ. ನನ್ನ ಸಿಟ್ಟಿನಲ್ಲಿ ಒಂದು ಪಾಲು ನನ್ನ ಮೇಲೇ ಇದೆ, ಅದನ್ನು ಮುಚ್ಚಿಡುವುದಿಲ್ಲ.

ಹತ್ತು ದಿನಕ್ಕೆ ಸರಿಯಾಗಿ ಏಳನೇ ಪಟ್ಟಿ ಪೂರ್ತಿ ಉರಿದುಹೋಯಿತು. ಸಾಲು ಹಿಡಿದು ಉರಿದಿತ್ತು. ನಾವು ಎಲ್ಲಿಂದ ಎಲ್ಲಿಗೆ ನಡೆದಿದ್ದೆವೋ ಅಲ್ಲಿಂದ ಅಲ್ಲಿಗೆ. ಕುರುಡನಿಗೂ ತಿಳಿಯುವಂತಿತ್ತು. ಅಲ್ಲಿಂದ ಪಕ್ಕದ ಸೇಬಿಗೂ ಹತ್ತಿತು.

ಆಕ್ಲೆಂಡಿನಿಂದ ತೋಟದ ಒಡೆಯ ಬಂದ. ಯಾರದಾದರೂ ತಲೆ ಉರುಳಲೇಬೇಕಿತ್ತು. ವಾರ್ವಿಕ್ ತನ್ನ ತಲೆ ಉಳಿಸಿಕೊಂಡ. ನಾವು ಎದುರಿಗೇ ನಿಂತಿದ್ದೆವು. ನಮಗೆ ಇಂಗ್ಲಿಷ್ ಬರುವುದಿಲ್ಲ ಎಂಬಂತೆ ಒಡೆಯನಿಗೆ ಹೇಳಿದ:

"ಹತ್ತು ಸಲ ಹೇಳಿದೀನಿ ಇವರಿಗೆ. ಏನ್ ಮಾಡ್ಲಿ? ಇವರ ಊರಲ್ಲಿ ಹಂದಿಗೂ ಅದೇ ಚಾಕು, ತೆಂಗಿನಕಾಯಿಗೂ ಅದೇ ಚಾಕು. ತೊಳೆಯೋ ಅಭ್ಯಾಸವೇ ಇಲ್ಲ."

ಒಡೆಯ ನಮ್ಮ ಕೈಗಳನ್ನು ನೋಡಿದ. ಮುಖ ನೋಡಲಿಲ್ಲ.

ಮರುದಿನದಿಂದ ಗೇಟಿನಲ್ಲಿ ಒಂದು ಅಗಲವಾದ ತೊಟ್ಟಿ ಇಟ್ಟರು. ಅದರ ತುಂಬ ಔಷಧಿ ನೀರು. ಬೂಟು ಸಮೇತ ಅದರಲ್ಲಿ ಇಳಿದು ನಿಲ್ಲಬೇಕು. ಬಗ್ಗಿ ಮೊಣಕೈವರೆಗೆ ಕೈ ಅದ್ದಬೇಕು. ಮೊದಲ ದಿನ ನಮ್ಮ ಚೀಲ ಬಿಚ್ಚಿಸಿದರು. ಬೇಯಿಸಿದ ಕೆಸುವಿನ ಗಡ್ಡೆಯನ್ನು ಕೋಲಿನಿಂದ ತಿರುವಿ ನೋಡಿದರು. ನಾವು ಸಾಲಾಗಿ ಬಗ್ಗಿ ನಿಂತಿದ್ದಾಗ ವಾರ್ವಿಕ್‌ನ ಗಾಡಿ, ಏಳನೇ ಪಟ್ಟಿಯ ಕೆಸರು ಚಕ್ರಕ್ಕೆ ಮೆತ್ತಿಕೊಂಡು, ಪಕ್ಕದಿಂದ ಹೋಯಿತು. ಅದನ್ನು ಯಾರೂ ತೊಳೆಯಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ನನ್ನ ಜೊತೆಗಾತಿ ಮೆರಿನಾ ಬಗ್ಗಿಕೊಂಡೇ ಹೇಳಿದಳು, "ನಮ್ ಕಾಲಿಗೆ ಅಂಟಿರೋದು ತೊಳೆದ್ರೆ ಹೋಗುತ್ತೆ ಕಣೇ. ಅವನ ನಾಲಿಗೆಗೆ ಅಂಟಿರೋದನ್ನ ಯಾವ ತೊಟ್ಟೀಲಿ ಅದ್ದೋದು?"

ನಕ್ಕೆವು. ಕೈ ಚರ್ಮ ಸುಲಿಯುತ್ತಿತ್ತು, ನಗದೆ ಇನ್ನೇನು ಮಾಡುವುದು.

ಆ ವಾರ ಅಮೋಸ್ ಮಾವ ಸರಿಯಾಗಿ ಉಣ್ಣಲಿಲ್ಲ. ಗುರುವಾರ ಸಂಜೆ ನಮ್ಮ ಬಿಡಾರದಲ್ಲಿ ಎಲ್ಲರನ್ನೂ ಕೂರಿಸಿಕೊಂಡು, "ಚಾಪೆ ಇಡೋಣ" ಎಂದ.

ಚಾಪೆ ಇಡುವುದೆಂದರೆ ಏನೆಂದು ನಮ್ಮೂರಿನ ಮಗುವಿಗೂ ಗೊತ್ತು. ಎರಡು ಕಡೆಯವರ ಎದೆ ಕುದಿಯುತ್ತಿದ್ದರೆ ಒಬ್ಬರು ಕೆಂಪು ಚಾಪೆ ಒಯ್ದು ಇನ್ನೊಬ್ಬರ ಮುಂದೆ ಇಡುತ್ತಾರೆ. ತಪ್ಪು ಮಾಡಿದವರೇ ಇಡಬೇಕೆಂದಿಲ್ಲ. ದೊಡ್ಡ ಮನಸ್ಸಿನವರು ಮೊದಲು ಇಡುತ್ತಾರೆ. ಆ ಕಡೆಯವರು ಬದಲಿಗೆ ಏನಾದರೂ ಕೊಡುತ್ತಾರೆ. ಬೇರು ಅರೆದು ಮಾಡಿದ ಕಾವಾ ಒಟ್ಟಿಗೆ ಕುಡಿಯುತ್ತಾರೆ. ಅಲ್ಲಿಗೆ ಆ ಮಾತು ಸತ್ತಿತು. ಸತ್ತ ಮಾತನ್ನು ಮತ್ತೆ ಎತ್ತಿದವರು ಹಂದಿ ತೆರಬೇಕು, ಊರೆದುರು ಮುಖ ತಗ್ಗಿಸಬೇಕು.

"ತಪ್ಪು ನಮ್ದಲ್ಲ ಮಾವ," ಎಂದೆ.

"ತಪ್ಪು ಯಾರದು ಅಂತ ಚಾಪೆ ಕೇಳುತ್ತೇನೇ?"

"ಅವನು ಕೇಳ್ತಾನೆ. ಅವನು ನಮ್ಮವನಲ್ಲ."

"ಮನುಷ್ಯ ತಾನೇ? ಆರು ವರ್ಷ ಅವನ ಜೊತೆ ಕೆಲಸ ಮಾಡಿದೀವಿ. ಮನಸ್ಸು ಕೆಟ್ಟಿದೆ. ಸರಿ ಮಾಡ್ಕೊಂಡ್ರೆ ಮುಂದಿನ ವರ್ಷಾನೂ ನಮ್ಮೂರಿಗೆ ದಾರಿ ಇರುತ್ತೆ. ಚಾಪೆ ತೆಗಿ."

ಚಾಪೆ ಇದ್ದದ್ದು ನನ್ನ ಹತ್ತಿರ. ನನ್ನ ತಾಯಿ ನೇಯ್ದದ್ದು. ಕೇದಗೆಯ ಗರಿ ಸೀಳಿ, ಒಣಗಿಸಿ, ಒಂದು ಮಳೆಗಾಲ ಪೂರ್ತಿ ಕೂತು ನೇಯ್ದು, ಬೇರಿನ ಕೆಂಪಿನಲ್ಲಿ ಕುದಿಸಿದ್ದಳು. ಹೊರನಾಡಿನಲ್ಲಿ ನಮ್ಮವರು ಯಾರಾದರೂ ತೀರಿಕೊಂಡರೆ ಹೆಣಕ್ಕೆ ಸುತ್ತಲು ಇರಲಿ ಎಂದು ಕೊಟ್ಟಿದ್ದಳು. ನನಗೆ ಕೊಡಲು ಮನಸ್ಸಿರಲಿಲ್ಲ. ಮಾವ ಕೇಳಿದರೆ ಇಲ್ಲವೆನ್ನುವ ಹಾಗೂ ಇರಲಿಲ್ಲ. ಕೊಟ್ಟೆ.

ಶುಕ್ರವಾರ ಕೆಲಸ ಬಿಟ್ಟ ಮೇಲೆ ಹಣ್ಣು ತುಂಬುವ ಕೊಟ್ಟಿಗೆಯಲ್ಲಿ ಇಟ್ಟೆವು. ಮಾವ ತೊಳೆದ ಅಂಗಿ ತೊಟ್ಟಿದ್ದ. ಮಂಡಿಯೂರಿ, ತಲೆ ಬಾಗಿಸಿ, ಎರಡೂ ಕೈಯಲ್ಲಿ ಚಾಪೆ ನೀಡಿದ. ನಾವು ಹದಿಮೂರು ಜನ ಹಿಂದೆ ನೆಲದ ಮೇಲೆ ಕೂತಿದ್ದೆವು. ವಾರ್ವಿಕ್ ಒಂದು ಕ್ಷಣ ತಬ್ಬಿಬ್ಬಾದ. ಆಮೇಲೆ ಹಲ್ಲು ಬಿಟ್ಟ. ಫೋನನ್ನು ಯಾರ ಕೈಗೋ ಕೊಟ್ಟು, "ಪೂರ್ತಿ ತೆಗಿ, ವಿಡಿಯೋ ತೆಗಿ" ಎಂದ. ಕಾವಾ ತುಟಿಗೆ ಸೋಕಿಸಿ ಮುಖ ಕಿವುಚಿದ. ಮಾವನ ಬೆನ್ನು ತಟ್ಟಿದ.

"ನೀವೆಲ್ಲ ಒಳ್ಳೆ ಜನ ಕಣ್ರೋ."

ಒಳಗಿನ ಫ್ರಿಜ್ಜಿನಿಂದ ಎರಡು ಪೊಟ್ಟಣ ಸಾಸೇಜ್ ತಂದುಕೊಟ್ಟ. ಮಾವ ಅದನ್ನು ಎದೆಗೆ ಅವಚಿಕೊಂಡು ಬಂದ. "ನೋಡಿದ್ರಾ? ಬದಲಿಗೆ ಕೊಟ್ಟ. ಅವನಿಗೂ ಗೊತ್ತು," ಎಂದ. ಆ ರಾತ್ರಿ ಹೊಟ್ಟೆ ತುಂಬ ಉಂಡ.

ಸೋಮವಾರ ಪತ್ರ ಬಂತು. ಚಹಾದ ಬಿಡುವಿನಲ್ಲಿ ವಾರ್ವಿಕ್ ನಿಂತು ಓದಿದ. ಕೆಲಸಗಾರರ ಕೊಳಕು ಅಭ್ಯಾಸದಿಂದ ರೋಗ ಹರಡಿದೆ. ಕೆಲಸಗಾರರೇ ಮಂಡಿಯೂರಿ ತಪ್ಪೊಪ್ಪಿಕೊಂಡಿದ್ದಾರೆ. ಗುರುವಾರದ ವಿಮಾನಕ್ಕೆ ಹದಿನಾಲ್ಕೂ ಜನ ವಾಪಸ್. ಲೋಲ್‌ಮರಾ ಊರಿನವರನ್ನು ಇನ್ನು ಮುಂದೆ ಕರೆಸುವುದಿಲ್ಲ. ಸುತ್ತಲಿನ ತೋಟಗಳಿಗೂ ತಿಳಿಸಲಾಗಿದೆ.

ಊರಿನಲ್ಲಿ ಇನ್ನೂ ಇಪ್ಪತ್ತೆರಡು ಜನ ಫೆಬ್ರವರಿಯ ಹಣ್ಣು ಕೀಳುವ ಕೆಲಸಕ್ಕೆ ಹೆಸರು ಕೊಟ್ಟು ಕಾಯುತ್ತಿದ್ದರು. ಮೆರಿನಾಳ ಗಂಡನೂ ಅವರಲ್ಲೊಬ್ಬ. ಆ ದಾರಿ ಮುಚ್ಚಿತು. ಮುಚ್ಚಿದ್ದು ಮಾತ್ರವಲ್ಲ, ಬಾಗಿಲಿಗೆ ನಮ್ಮ ಹೆಸರೇ ಮೆತ್ತಿತು. ರೋಗದ ಊರು.

"ನಾವು ತಪ್ಪು ಒಪ್ಕೊಂಡಿಲ್ಲ ಬಾಸ್," ಎಂದೆ.

"ಮಂಡಿ ಊರಿದ್ದು ಮತ್ಯಾರು? ನಮ್ಮಜ್ಜೀನಾ? ತಪ್ಪು ಮಾಡ್ದೇ ಇರೋರು ಯಾಕಮ್ಮಾ ಕ್ಷಮೆ ಕೇಳ್ತಾರೆ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡರು ಎಂಬುದು ಅವನ ಲೆಕ್ಕ. ನಾವು ಹೆಗಲು ಮುಟ್ಟಿಕೊಂಡಿರಲಿಲ್ಲ. ಕೈ ಚಾಚಿದ್ದೆವು.

ಮಂಗಳವಾರ ಹೊರನಾಡಿನ ಕೆಲಸಗಾರರ ಕಾಗದಪತ್ರ ನೋಡುವ ಕಚೇರಿಯಿಂದ ಒಬ್ಬ ಅಧಿಕಾರಿ ಬಂದಳು. ನಡುವಯಸ್ಸಿನ ಹೆಂಗಸು, ಕೆಟ್ಟವಳಲ್ಲ. ನಮ್ಮನ್ನೆಲ್ಲ ಕೂರಿಸಿ ಮಾವನನ್ನು ಕೇಳಿದಳು.

"ಈ ಪತ್ರದಲ್ಲಿರೋದಕ್ಕೆ ನಿಮ್ಮ ಕಡೆಯಿಂದ ಏನಾದ್ರೂ ಹೇಳೋದಿದೆಯಾ?"

ಮಾವ ನೆಲ ನೋಡಿದ. ನಾನು ಏಳಹೋದೆ. ಮಾವ ನನ್ನ ಮುಂಗೈ ಹಿಡಿದು ಕೂರಿಸಿದ. ಬೇರೆ ಹೆಂಗಸರು ಶ್ ಎಂದರು. ಚಾಪೆ ಇಟ್ಟಾಗಿದೆ. ಮಾತು ಸತ್ತಿದೆ.

"ಏನೂ ಇಲ್ವಾ?"

"ಏನೂ ಇಲ್ಲ ಮೇಡಂ," ಎಂದ ಮಾವ.

ಆಕೆ ಬರೆದುಕೊಂಡಳು. ಆಕ್ಷೇಪಣೆ ಇಲ್ಲ. ಬುಧವಾರ ಬೆಳಿಗ್ಗೆ ರುಜು ಹಾಕಿಸಿಕೊಳ್ಳಲು ಬರುವುದಾಗಿ ಹೇಳಿ ಹೋದಳು.

ಒಂದೇ ಚಾಪೆ. ಅದು ನಮ್ಮ ಬಾಯಿ ಹೊಲಿಯಿತು. ಅವನ ಬಾಯಿ ಬಿಚ್ಚಿತು. ಬಿಡಾರಕ್ಕೆ ಬಂದ ಮೇಲೆ ಮಾವನ ಎದುರು ನಿಂತೆ. ಹಾಗೆ ನಿಂತದ್ದು ಅದೇ ಮೊದಲು.

"ಬಕೆಟ್ ತಗೊಂಡು ಹೋದ, ಮಳೇಲಿ ಕತ್ತರಿಸು ಅಂದ. ಇಷ್ಟೇ ಎರಡು ಮಾತು ಮಾವ. ಎರಡು ಮಾತು ಹೇಳೋಕೆ ನಿನ್ನ ಬಾಯಲ್ಲೇನಿತ್ತು?"

"ಚಾಪೆ ಇಟ್ಟ ಮೇಲೆ ಆ ಮಾತು ಎತ್ತೋ ಹಾಗಿಲ್ಲ. ನಿಂಗೆ ಗೊತ್ತಿಲ್ವಾ?"

"ಅವನು ಎತ್ತಿದಾನೆ! ಕಾಗದದ ಮೇಲೆ ಎತ್ತಿದಾನೆ!"

"ಅವನು ಮುರಿದ ಅಂತ ನಾನೂ ಮುರೀಲಾ? ಊರಿಗೆ ಹೋಗಿ ಯಾವ ಮುಖ ತೋರಿಸ್ಲಿ?"

"ಯಾವ ಊರಿಗೆ? ರೋಗದ ಊರಿಗಾ?"

ಮಾವ ಗೋಡೆ ಕಡೆ ತಿರುಗಿ ಕೂತ. ನನಗೆ ಕರುಣೆ ಬರಲಿಲ್ಲ. ಬಂದಿದ್ದರೆ ಆ ಮಾತು ಆಡುತ್ತಿರಲಿಲ್ಲ.

"ಹಾಗಾದ್ರೆ ಚಾಪೆ ವಾಪಸ್ ತಗೋತೀನಿ."

ಪಾತ್ರೆ ತೊಳೆಯುತ್ತಿದ್ದ ಮೆರಿನಾ ಕೈ ನಿಲ್ಲಿಸಿದಳು. ಇಟ್ಟ ಚಾಪೆ ಹಿಂದಕ್ಕೆ ತೆಗೆದುಕೊಂಡವರ ಕಥೆಯನ್ನು ನಾವು ಯಾರೂ ಕೇಳಿಲ್ಲ. ಹಾಗೆ ಮಾಡಿದರೆ ಜಗಳ ಮತ್ತೆ ಬದುಕುತ್ತದೆ. ಹಳೆ ಕಾಲದಲ್ಲಾದರೆ ರಕ್ತ ಹರಿಯುತ್ತಿತ್ತು.

"ಹುಚ್ಚು ಹಿಡೀತಾ ನಿಂಗೆ?" ಮೆರಿನಾ ಕೇಳಿದಳು.

"ನನ್ನವ್ವ ನೇಯ್ದದ್ದು. ಅವ್ವನ ಮಗಳು ನಾನು."

ಮಾವ ಗೋಡೆಗೇ ಹೇಳಿದ, "ತಗೊಂಡ್ರೆ ನೀನು ನನ್ನ ಸೊಸೆ ಅಲ್ಲ."

ಹೋಗಿ ಮಲಗಿದೆ. ನಿದ್ದೆ ಬಂತೋ ಇಲ್ಲವೋ ನೆನಪಿಲ್ಲ.

ಬುಧವಾರ ಬೆಳಿಗ್ಗೆ ರುಜು ಹಾಕಲು ಸಾಲಾಗಿ ಹೊರಟೆವು. ಗಂಡಸರೆಲ್ಲ ಬಿಳಿ ಅಂಗಿ. ಚಾಪೆ ವಾರ್ವಿಕ್‌ನ ಕೋಣೆಯಲ್ಲಿರಬಹುದು, ಮನೆಗೆ ಒಯ್ದಿದ್ದರೆ ಮನೆಗೇ ಹೋಗುವುದು ಎಂದುಕೊಂಡಿದ್ದೆ. ಅಷ್ಟು ದೂರ ಹೋಗಬೇಕಾಗಲಿಲ್ಲ.

ಗೇಟಿನ ಹತ್ತಿರ ಮುಂದೆ ಹೋಗುತ್ತಿದ್ದ ಮೆರಿನಾ ಗಕ್ಕನೆ ನಿಂತು ನನಗೆ ಅಡ್ಡವಾದಳು. "ಎವ್ಲಿನ್, ನೋಡ್ಬೇಡ."

ನೋಡಿದೆ. ಚಾಪೆ ತೊಟ್ಟಿಯೊಳಗಿತ್ತು. ತೊಟ್ಟಿಯ ತಳ ಪಾಚಿ ಕಟ್ಟಿ ಜಾರುತ್ತಿತ್ತು. ಜನ ಜಾರದಿರಲಿ ಎಂದು ಯಾರೋ ಅದನ್ನು ಮಡಿಸಿ ಒಳಗೆ ಹಾಸಿದ್ದರು. ಔಷಧಿ ನೀರೆಲ್ಲ ಕೆಂಪಾಗಿತ್ತು. ಅಧಿಕಾರಿ ಹೆಂಗಸು ಆಗತಾನೇ ಕಾರಿನಿಂದ ಇಳಿದು, ಬೂಟು ತೊಟ್ಟು, ಅದರ ಮೇಲೆ ನಿಂತಿದ್ದಳು. ವಾರ್ವಿಕ್ ಆಚೆ ಬದಿಯಲ್ಲಿ ಕೈ ನೀಡಿ ಕಾಯುತ್ತಿದ್ದ.

"ಮೇಡಂ, ಕೆಳಗಿಳೀರಿ," ಎಂದೆ.

"ಏನು?"

"ಇಳೀರಿ ಅಂದೆ. ಅದು ನನ್ನದು."

ಆಕೆ ಗಾಬರಿಯಿಂದ ಆಚೆ ಇಳಿದಳು. ನಾನು ಮಂಡಿಯೂರಿದೆ. ಮೊಣಕೈವರೆಗೆ ಕೈ ಇಳಿಸಿದೆ. ಸುಲಿದ ಚರ್ಮಕ್ಕೆ ಔಷಧಿ ತಾಗಿ ಕಣ್ಣಲ್ಲಿ ನೀರು ಬಂತು. ನೀರು ಕುಡಿದ ಚಾಪೆ ಹೆಣದಷ್ಟು ಭಾರ. ಎಳೆದೆ. ಮತ್ತೆ ಎಳೆದೆ. ನಡುವಿನ ಚಿತ್ತಾರವೆಲ್ಲ ಬಿಳಚಿಕೊಂಡಿತ್ತು. ಬೂಟಿನ ಗುರುತು ಇತ್ತು.

"ಏಯ್, ಏನ್ ಮಾಡ್ತಿದೀಯ? ಅದು ನೀವೇ ಕೊಟ್ಟಿದ್ದು," ಎಂದ ವಾರ್ವಿಕ್.

"ಹೌದು. ವಾಪಸ್ ತಗೋತಿದೀನಿ."

ಅವನು ಅಧಿಕಾರಿಯ ಕಡೆ ನೋಡಿ ನಕ್ಕ. "ತಗೋ ತಗೋ. ಅಂಗಡೀಲಿ ರಬ್ಬರ್‌ದು ಸಿಗುತ್ತೆ."

ನಾನು ಎದ್ದು ನಿಂತು ಚಾಪೆಯನ್ನು ಎದೆಗೆ ಅಪ್ಪಿಕೊಂಡೆ. ಕೆಂಪು ನೀರು ನನ್ನ ಮೈಮೇಲೆ ಇಳಿಯುತ್ತಿತ್ತು.

"ಮೇಡಂ, ಕೇಳಿ. ಬಕೆಟ್ ತಗೊಂಡು ಹೋದೋನು ಇವನು. ಕತ್ತರಿ ಅದ್ದಬೇಡಿ ಅಂದೋನು ಇವನು. ಮಳೇಲಿ ಕತ್ತರಿಸಿ ಅಂದೋನು ಇವನು. ಬೇಡ ಬಾಸ್ ಅಂದೆ, ನೀನೇನು ಸಕ್ಕರೇನಾ ಅಂದ. ಏಳನೇ ಪಟ್ಟಿಗೆ ಹೋಗಿ ನೋಡಿ, ಸಾಲು ಹಿಡಿದು ಸುಟ್ಟಿದೆ."

"ನಿನ್ನೆ ಕೇಳ್ದಾಗ ನೀವು ಯಾರೂ ಏನೂ ಹೇಳಲಿಲ್ವಲ್ಲ?"

"ನಿನ್ನೆ ಚಾಪೆ ಅವನ ಹತ್ರ ಇತ್ತು ಮೇಡಂ."

ಆಕೆಗೆ ಅರ್ಥವಾಗಲಿಲ್ಲ. ಹೇಗಾದೀತು? ವಾರ್ವಿಕ್ ಮುಂದೆ ಬಂದ. ಈಗ ನಗುತ್ತಿರಲಿಲ್ಲ.

"ಬಕೆಟ್ ಯಾವತ್ತೂ ಸಾಲು ಬಿಟ್ಟು ಹೋಗಿಲ್ಲ. ಇವಳು ಸುಳ್ಳು ಹೇಳ್ತಿದಾಳೆ. ಇವರ ಹಿರಿಯ ಅಲ್ಲೇ ನಿಂತಿದಾನಲ್ಲ, ಅವನನ್ನೇ ಕೇಳಿ. ಅಮೋಸ್! ನಾನು ಬಕೆಟ್ ಎತ್ತಿದ್ದು ನೀನು ನೋಡಿದೀಯಾ? ನಿಜ ಹೇಳು."

ಎಲ್ಲರೂ ಮಾವನ ಕಡೆ ತಿರುಗಿದರು. ನಾನು ತಿರುಗಲಿಲ್ಲ. ನನ್ನ ತೋಳು ಸೋಲುತ್ತಿತ್ತು. ಚಾಪೆಯ ಒಂದು ತುದಿ ಜಾರಿ ಕೆಸರಿಗೆ ಬಿತ್ತು. ಬಗ್ಗಿ ಎತ್ತಲು ಶಕ್ತಿ ಇರಲಿಲ್ಲ.

ಬೂಟಿನ ಸದ್ದು ಹತ್ತಿರ ಬಂತು. ಮಾವ ಬಗ್ಗಿದ. ಬಿದ್ದ ತುದಿಯನ್ನು ಕೆಸರಿನಿಂದ ಎತ್ತಿ ತನ್ನ ಹೆಗಲ ಮೇಲೆ ಹಾಕಿಕೊಂಡ. ಬಿಳಿ ಅಂಗಿ ಹೆಗಲಿನಿಂದ ಸೊಂಟದವರೆಗೆ ಕೆಂಪಾಯಿತು.

"ಬಾಸ್ ಬಕೆಟ್ ಎತ್ತಲಿಲ್ಲ ಮೇಡಂ," ಎಂದ.

ವಾರ್ವಿಕ್ ಎರಡೂ ಕೈ ಅಗಲಿಸಿ, ನೋಡಿದಿರಾ ಎಂಬಂತೆ ನಿಂತ.

"ಅವನು ಎತ್ತಲಿಲ್ಲ. ಗಾಡಿಗೆ ಎತ್ತಿಡು ಅಂದ. ಎತ್ತಿಟ್ಟೋನು ನಾನು. ನಾಲ್ಕೂ ನಾನೇ ಎತ್ತಿಟ್ಟೆ. ಇವರೆಲ್ಲ ಏಣಿ ಮೇಲಿದ್ರು, ಯಾರೂ ನೋಡ್ಲಿಲ್ಲ. ಬೇಡ ಅನ್ನೋಕೆ ನನಗೆ ಬಾಯಿ ಬರಲಿಲ್ಲ. ಅದಕ್ಕೇ ಚಾಪೆ ಇಡಿಸಿದೆ." ಮಾವ ಹೆಗಲ ಮೇಲಿನ ಚಾಪೆ ಸರಿಮಾಡಿಕೊಂಡ. "ಈಗ ಬರ್ಕೊಳ್ಳಿ. ಮೊದಲು ನನ್ನ ಹೆಸರು ಬರ್ಕೊಳ್ಳಿ. ಆಮೇಲೆ ಅವನದು."